ಹಾಲೆ ಹಲಗೆಯಲ್ಲಿ ತಮ್ಮನ ಮುಖ

ನನ್ನ ಹತ್ತಿರ ಒಂದೇ ಹಲಗೆಯಿಂದ ತೆಗೆದ ಮೂರು ಅಚ್ಚುಗಳಿವೆ. ಮೊದಲನೆಯದರಲ್ಲಿ ನನ್ನ ತಮ್ಮ ಬಾಯಿ ಮುಚ್ಚಿಕೊಂಡು ನೇರಕ್ಕೆ ನೋಡುತ್ತಿದ್ದಾನೆ. ಎರಡನೆಯದರಲ್ಲಿ ನಗುತ್ತಿದ್ದಾನೆ. ಮೂರನೆಯದರಲ್ಲಿ ಅವನಿಲ್ಲ. ಇವನ್ನು ನೆಲದ ಮೇಲೆ ಹರಡಿಕೊಂಡು ಅವನು ಹೇಗಿದ್ದ ಎಂದು ನೆನೆಯಲು ಕೂತರೆ ಉಳಿಯ ಗೆರೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಹೀಗಾಗಿ ಯಾವುದು ಮೊದಲು ಯಾವುದು ಆಮೇಲೆ ಎಂಬ ವಿಷಯದಲ್ಲಿ ಅಚ್ಚುಗಳನ್ನು ನಂಬುತ್ತೇನೆ, ನನ್ನನ್ನು ನಂಬುವುದಿಲ್ಲ. ಕೆತ್ತಿದ ಮರ ಮತ್ತೆ ತುಂಬಿಕೊಳ್ಳುವುದಿಲ್ಲ. ನೆನಪಿಗೆ ಆ ನಾಚಿಕೆಯಿಲ್ಲ. ಖಾಲಿಯಾದ ಕಡೆಯೆಲ್ಲ ತುಂಬಿಕೊಂಡು, ತುಂಬಿದ್ದು ಗೊತ್ತಾಗದ ಹಾಗೆ ಮೇಲೆ ನಯ ಮಾಡಿಕೊಂಡು ಕೂತುಬಿಡುತ್ತದೆ.

ಆಗ ಕೊಳ್ಳೇಗಾಲ ಮದ್ರಾಸಿನ ಕಡೆಗಿತ್ತು, ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಯಳಂದೂರು ಬಸ್ಸು ಹತ್ತಿ ಇಳಿಯುವಷ್ಟು ದೂರ, ಆದರೆ ಅದು ಮೈಸೂರು. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯ ಪಕ್ಕದ ಅಂಕಣದಲ್ಲಿ ಎರಡು ಗುಂಡಿ ಮಗ್ಗ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥವು. ಒಂದು ಅಪ್ಪನದು, ಇನ್ನೊಂದು ತಮ್ಮನದು. ಹಿರಿಯ ಮಗನಾದ ನಾನು ಯಾವ ಗುಂಡಿಗೂ ಇಳಿಯಲಿಲ್ಲ. ಮದ್ರಾಸಿಗೆ ಹೋಗಿ ಚಿತ್ರಕಲೆಯ ಶಾಲೆ ಸೇರಿ, ಅದನ್ನು ಮುಗಿಸದೆ ವಾಪಸು ಬಂದು, ಊರಿನ ಒಂದು ಪ್ರೆಸ್ಸಿಗೆ ಮರದ ಬ್ಲಾಕು ಕೆತ್ತಿ ಕೊಡುತ್ತಿದ್ದೆ. ಸೀರೆ ಕಟ್ಟಿನ ಚೀಟಿಗೆ ನವಿಲು, ಲಗ್ನಪತ್ರಿಕೆಗೆ ಗಣಪತಿ, ನಾಟಕದ ಹ್ಯಾಂಡ್‌ಬಿಲ್ಲಿಗೆ ಗದೆ ಹೊತ್ತ ಭೀಮ. ಅದು ಹೊಟ್ಟೆಯ ಕೆಲಸ. ಉಳಿದ ಹೊತ್ತಿನಲ್ಲಿ ನನ್ನ ಸ್ವಂತದ್ದು: ಮರದ ನಾರನ್ನೇ ಮಳೆಯ ಹಾಗೆ ಕಾಣಿಸುವುದು, ಮಗ್ಗವನ್ನು ನಾಲ್ಕಾರು ಗೆರೆಯಲ್ಲಿ ನಿಲ್ಲಿಸುವುದು, ಹಲಗೆಯನ್ನೆಲ್ಲ ಕಪ್ಪಗೆ ಬಿಟ್ಟು ಒಂದು ಮೂಲೆಯಲ್ಲಿ ಮಾತ್ರ ಬೆಳಕು ಕೆತ್ತುವುದು. ಅಂಥವನ್ನು ಯಾರೂ ಕೊಳ್ಳುತ್ತಿರಲಿಲ್ಲ. ನನಗೆ ಅದೇ ಹೆಮ್ಮೆ.

ಆ ಹೆಮ್ಮೆಯನ್ನು ನಾನು ಮದ್ರಾಸಿನಿಂದ ತಂದಿದ್ದೆ. ಅಲ್ಲಿ ನಮ್ಮ ಮೇಷ್ಟರೊಬ್ಬರು ಹಳೆಯ ಅಚ್ಚುಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡಿ ಹೇಳುತ್ತಿದ್ದರು. ಮರದ ಅಚ್ಚು ಕಾಗದಕ್ಕಿಂತ ಮೊದಲು ಬಟ್ಟೆಯ ಮೇಲೆ ಬಿತ್ತು. ಆಮೇಲೆ ಚೀನಾದಲ್ಲಿ ಬುದ್ಧನ ಚಿತ್ರ, ಎಷ್ಟೋ ಕಾಲದ ಮೇಲೆ ಯುರೋಪಿನಲ್ಲಿ ಸಂತರ ಚಿತ್ರ ಮತ್ತು ಇಸ್ಪೀಟು. ಯಾತ್ರೆಗೆ ಹೋದ ಬಡವರು ಸಂತನ ಚಿತ್ರವನ್ನು ಕೊಂಡು ತಂದು ಬಾಗಿಲಿಗೆ ಅಂಟಿಸಿ ಕೈಮುಗಿಯುತ್ತಿದ್ದರು. ಬರೆಯುವವನು ಒಬ್ಬ, ಕೆತ್ತುವವನು ಇನ್ನೊಬ್ಬ, ಒತ್ತುವವನು ಮತ್ತೊಬ್ಬ. ನಡುವೆ ದೊಡ್ಡ ದೊಡ್ಡ ಕಲಾವಿದರೂ ಮರಕ್ಕೆ ಚಿತ್ರ ಬರೆದುಕೊಟ್ಟರು, ನಿಜ. ಆದರೆ ಫೋಟೋದ ಬ್ಲಾಕು ಬಂದು ಕೆತ್ತುವವರ ಕೆಲಸ ಕಿತ್ತುಕೊಂಡ ಮೇಲೆ ಒಂದು ವಿಚಿತ್ರ ನಡೆಯಿತು. ಬರೆದವನೇ ಕೆತ್ತಿದ, ಕೆತ್ತಿದವನೇ ಒತ್ತಿದ, ಒತ್ತಿ ಕೆಳಗೆ ಸಹಿ ಹಾಕಿದ. ಬಂಗಾಳದ ಕಡೆಯಿಂದ ಬಂದ ಅಂಥ ಕಪ್ಪು ಬಿಳುಪು ಅಚ್ಚುಗಳು ನಮ್ಮ ಶಾಲೆಯ ಗೋಡೆಯ ಮೇಲಿದ್ದವು. ಕೆಲಸ ಹೋದ ಮೇಲೆ ಮರಕ್ಕೆ ಬಿಡುಗಡೆ ಸಿಕ್ಕಿತು ಎಂದು ಮೇಷ್ಟರು ನಗುತ್ತಿದ್ದರು. ನನಗೆ ಅದು ತಲೆಗೆ ಹತ್ತಿತ್ತು. ಯಾವ ಉಪಯೋಗಕ್ಕೂ ಬಾರದ ಅಚ್ಚು ಮಾತ್ರ ಕಲೆ ಎಂದು ತಮ್ಮನ ಮಗ್ಗದ ಪಕ್ಕ ಕೂತು ಭಾಷಣ ಮಾಡಿದ್ದೆ.

ಅವನು ಲಾಳಿ ನಿಲ್ಲಿಸದೆ ಹೇಳಿದ: "ಅಂಗಾರೆ ನೀನು ಬಾರಿ ಕಲೆಗಾರ ಕಣಣ್ಣ. ನಿನ್ನಷ್ಟು ಉಪಯೋಗುಕ್ ಬರ್ದೋನ ಈ ಬೀದಿಲೇ ನಾ ಕಾಣೆ."

ಹೇಳಿ ನಕ್ಕ. ಅವನು ನಕ್ಕದ್ದು ನಿಜ. ಹೇಗೆ ನಕ್ಕ ಎಂಬುದು ಮುಂದೆ ನಮ್ಮನ್ನು ತಿಂದಿತು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅವನು ಹನೂರಿನ ಕಡೆ ರೇಷ್ಮೆ ಗೂಡು ನೋಡಿಕೊಂಡು ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಹನೂರಿನಲ್ಲಿ ಇಳಿದದ್ದನ್ನು ಬಸ್ಸಿನ ಕಂಡಕ್ಟರು ಕಂಡಿದ್ದ. ಅದರಿಂದಾಚೆಗೆ ಅವನನ್ನು ಕಂಡವರಿಲ್ಲ. ಜಗಳವಾಗಿರಲಿಲ್ಲ. ಮದುವೆಯ ಮಾತು ಎತ್ತಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು, ಗುಂಡಿಯ ಅಂಚಿನಲ್ಲಿ ಅವನ ಟವೆಲು ಇತ್ತು. ಅಪ್ಪ ಕೆರೆ ನೋಡಿ ಬಂದ, ಬಾವಿಗಳನ್ನು ಇಣುಕಿ ಬಂದ, ಕಾಮಗೆರೆಯ ಆಸ್ಪತ್ರೆಯಲ್ಲಿ ಒಂದೊಂದು ಮಂಚದ ಹತ್ತಿರವೂ ನಿಂತು ಬಂದ. ಬೀದಿಯವರು ಕಾರಣಗಳನ್ನು ಕಟ್ಟಿ ತಂದರು. ಕಾಡಿನ ಮೋಹಿನಿ, ಸೇಲಂ ಕಡೆಯ ಹೆಣ್ಣು, ಮಿಲಿಟರಿಗೆ ಸೇರಿದ್ದು. ಕಾರಣ ಕೆತ್ತುವುದರಲ್ಲಿ ನಮ್ಮ ಬೀದಿ ನನಗಿಂತ ಪಳಗಿತ್ತು.

ಅವ್ವ ತಮ್ಮನ ಮಗ್ಗಕ್ಕೆ ಯಾರನ್ನೂ ಇಳಿಸಲಿಲ್ಲ. "ಅವ್ನ್ ಕೈ ಬ್ಯಾರೆ, ನಿಮ್ ಕೈ ಬ್ಯಾರೆ. ಬಂದು ಬೈದಾನು" ಎಂದು ಅದಕ್ಕೆ ತನ್ನ ಹಳೆಯ ಸೀರೆ ಹೊದಿಸಿದಳು.

ಒಂದು ದಿನ ಅವಳೇ ನನ್ನ ಹತ್ತಿರ ಬಂದು ಕೂತಳು. "ನೋಟೀಸು ಒಡ್ಸು ಕಣ್ಲಾ. ಬರೀ ಅಕ್ಸರ ಆಕ್ಬ್ಯಾಡ, ಅದ ಓದೋರ್ಯಾರು. ಮೊಕ ಆಕು. ಮೊಕ ಎಲ್ರೂ ಓದ್ತರ."

ಅಪ್ಪ ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಗೋಡೆಗೆ ಹತ್ತುವುದು ದೇವರ ಮುಖ, ಇಲ್ಲವೇ ಸತ್ತವರ ಮುಖ. ಬದುಕಿರುವವರ ಚಿತ್ರ ತೂಗುಹಾಕಿದರೆ ಆಯಸ್ಸು ಕಮ್ಮಿ ಎನ್ನುವ ಹೆದರಿಕೆ. ಹಾಗಾಗಿಯೇ ತಮ್ಮನ ಫೋಟೋ ಇರಲಿಲ್ಲ. ಯಳಂದೂರಿನ ಒಂದು ಮದುವೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಒಂದು ಇತ್ತು. ಅದರಲ್ಲಿ ಅವನು ಬೇಕೆಂದೇ ಅಲ್ಲಾಡಿದ್ದ. ಕೊರಳಿನ ಮೇಲೆ ಬರೀ ಹೊಗೆ.

"ಇರೋ ಮಗುನ್ ಮೊಕವ ಗೋಡೆಗೆ ಬಡೀಬ್ಯಾಡಿ" ಎಂದ ಅಪ್ಪ.

"ಬದ್ಕವ್ನೆ ಅಂತ ನಿಂಗೂ ಗೊತ್ತಲ್ಲ, ಅಷ್ಟು ಸಾಕು" ಎಂದಳು ಅವ್ವ.

ಹಾಲೆ ಮರದ ಹಲಗೆ ತಂದೆ. ಬೊಂಬೆ ಕಡೆಯುವವರು ಬಳಸುವ ಮರ ಅದು, ಬೆಳ್ಳಗೆ, ನಾರು ಒತ್ತಾಗಿ, ಉಳಿಗೆ ಬೆಣ್ಣೆಯ ಹಾಗೆ. ಕೊಡೆಯ ಕಡ್ಡಿಯನ್ನು ಕಲ್ಲಿನ ಮೇಲೆ ಮಸೆದು ಮಾಡಿಕೊಂಡ ಸಣ್ಣ ಉಳಿ ನನ್ನದು. ಕೆತ್ತಿ ತೆಗೆದದ್ದು ಕಾಗದದಲ್ಲಿ ಬಿಳಿ, ಉಳಿಸಿದ್ದು ಕಪ್ಪು. ಎಡದ್ದು ಬಲಕ್ಕೆ ಬರುತ್ತದೆ. ಅದೆಲ್ಲ ನನಗೆ ಅಭ್ಯಾಸ. ಅಭ್ಯಾಸವಿಲ್ಲದ್ದು ಮುಖ. ನಾನು ಯಾವತ್ತೂ ಯಾರ ಮುಖವನ್ನೂ ಅವರಿಗೆ ಹೋಲುವ ಹಾಗೆ ಕೆತ್ತಿರಲಿಲ್ಲ. ಹೋಲಿಕೆ ಎಂದರೆ ನನಗೆ ಸೀರೆ ಚೀಟಿಯ ನವಿಲು.

ಅಪ್ಪ, ಅವ್ವ, ತಂಗಿ, ಮನೆಯವರೆಲ್ಲ ಸುತ್ತ ಕೂತರು.

"ಮೂಗು ನಂದು" ಎಂದ ಅಪ್ಪ.

"ಇಲ್ಲ, ನಮ್ಮಣ್ಣಂದು. ನಿಂದು ಮೂಗಾ ಅದು, ಲಾಳಿ" ಎಂದಳು ಅವ್ವ.

"ಅಣೆ ಇಷ್ಟಗಲ ಇರ್ಲಿಲ್ಲ ಕಣಣ್ಣ. ಕೂದ್ಲು ಇಳೀಬುಟ್ಟಿದ್ದ" ಎಂದಳು ತಂಗಿ.

ಇಪ್ಪತ್ತು ವರ್ಷ ಒಂದೇ ಹಂಡೆಯ ನೀರಿನಲ್ಲಿ ಸ್ನಾನ ಮಾಡಿದ ಮನೆಯಲ್ಲಿ ಒಂದು ಹಣೆಯ ಅಗಲ ಗೊತ್ತಿರಲಿಲ್ಲ. ನಾನು ಎಲ್ಲರ ಮಾತನ್ನೂ ಅಳೆದು ನಡುವಿನ ಗೆರೆ ಕೆತ್ತಿದೆ. ಮಸಿ ಹಚ್ಚುವಾಗ ಅವ್ವ ಎದ್ದು ಹಿತ್ತಿಲಿಗೆ ಹೋದಳು. ಸೌಟಿನ ಬೆನ್ನಿನಲ್ಲಿ ಉಜ್ಜಿ ಕಾಗದ ಎತ್ತಿದಾಗ ಬಂದು ನೋಡಿ, "ಊಂ, ಅವ್ನೇ" ಎಂದಳು. ಅವನೇ ಎಂದು ನನಗೂ ಅನ್ನಿಸಿತು. ಈಗ ನೋಡಿದರೆ ಅದು ನಾವು ನಾಲ್ವರೂ ರಾಜಿಯಾದ ಒಂದು ಮುಖ.

ಪ್ರೆಸ್ಸಿನ ಯಜಮಾನರು ಹಲಗೆಯನ್ನು ಅಕ್ಷರಗಳ ನಡುವೆ ಕೂರಿಸಿದರು. ಮೇಲೆ ಕನ್ನಡ, ಕೆಳಗೆ ತಮಿಳು: ಇಂಥವನು ಕಾಣೆಯಾಗಿದ್ದಾನೆ, ಕಂಡವರು ತಿಳಿಸಬೇಕು. ಸುತ್ತಲೂ ದಪ್ಪ ಕಪ್ಪು ಪಟ್ಟಿ ಕಟ್ಟಿದರು. ನಾನು ಬೇಡವೆಂದೆ.

"ಬಾರ್ಡರ್ ಇಲ್ದಿದ್ರೆ ಮೊಕ ಕಾಗ್ದುದ್ ಮ್ಯಾಲೆ ನಿಲ್ಲಲ್ಲ ಕಣಯ್ಯ, ಓಡೋಯ್ತದೆ" ಎಂದರು. "ಈಗಾಗ್ಲೇ ಓಡೋಗವ್ನೆ. ಕಟ್ಟಿ ಆಕುವ." ಕಾಸು ತೆಗೆದುಕೊಳ್ಳದೆ ಒತ್ತಿಕೊಟ್ಟರು.

ಹುಣಸೆ ಬೀಜದ ಅಂಟು ಕಾಯಿಸಿಕೊಂಡು ನಾನೇ ಹೊರಟೆ. ಕಾಮಗೆರೆಯ ಬಸ್ಸು ನಿಲ್ಲುವ ಕಡೆ, ಹನೂರಿನ ಅಂಗಡಿಸಾಲು, ಗೂಡಿನ ವ್ಯಾಪಾರಿಗಳು ಕೂರುವ ಜಗಲಿ, ಎಲ್ಲ ಕಡೆ ಅಂಟಿಸಿದೆ. ನನ್ನ ಅಚ್ಚು ಮೊದಲ ಸಲ ಒಂದು ಕೆಲಸಕ್ಕೆ ಹೊರಟಿತ್ತು. ಹನೂರಿನ ಬಿಸಿಲಿನಲ್ಲಿ ಅದರ ಮುಂದೆ ನಿಂತು, ತಮ್ಮಾ, ನೋಡು ಉಪಯೋಗಕ್ಕೆ ಬಂದೆ ಎಂದುಕೊಂಡೆ. ಎಂದುಕೊಂಡೆನೋ, ಈಗ ಎಂದುಕೊಳ್ಳುತ್ತಿದ್ದೇನೋ.

ಸುದ್ದಿ ಬರಲಿಲ್ಲ. ಕಾದು ಸಾಕಾಗಿ ಮತ್ತೆ ಹೋದೆ. ಕಾಮಗೆರೆಯಲ್ಲಿ ತಮ್ಮನ ಹಣೆಗೆ ಕುಂಕುಮವಿತ್ತು.

ಯಾರೋ ಹುಡುಗಾಟ ಮಾಡಿದ್ದಾರೆಂದು ಒರೆಸಿದೆ. ಹನೂರಿಗೆ ಹೋದರೆ ಅಂಗಡಿಸಾಲಿನದಕ್ಕೆ ಮೂರು ಬೆರಳಿನ ವಿಭೂತಿ. ಜಗಲಿಯದರ ತಲೆಯ ಮೇಲೆ ಚೆಂಡು ಹೂವು, ನನ್ನದೇ ಅಂಟಿಗೆ ಸಿಕ್ಕಿಸಿದ್ದು. ಕೆಳಗೆ ಕಲ್ಲಿನ ಮೇಲೆ ಒಂದಿಷ್ಟು ಪುರಿ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಂತು, ಒಂದು ಕೈಯಲ್ಲಿ ಹೊರೆ ಹಿಡಿದು, ಇನ್ನೊಂದರಲ್ಲಿ ಕೆನ್ನೆ ಮುಟ್ಟಿಕೊಂಡಳು.

"ಯಾರವ್ವ ಇದು?" ಎಂದೆ.

"ಯಾರೋ ಸಾ. ವಯಸ್ನೋನು, ಪಾಪ. ಎಂಗ್ ತೀರ್ಕಂಡ್ನೋ."

"ಸತ್ತಿಲ್ಲ ಕಣವ್ವ. ಕಾಣೆಯಾಗವ್ನೆ. ನೋಡಿದ್ರೆ ಹೇಳಿ ಅಂತ ಹಾಕಿರೋದು."

ಅವಳು ನನ್ನನ್ನು, ಗೋಡೆಯನ್ನು, ಮತ್ತೆ ನನ್ನನ್ನು ನೋಡಿದಳು. "ಸಾಯ್ದೇ ಇರೋರ್ನ ಯಾರಾದ್ರೂ ಇಂಗ್ ಮಾಡಾರಾ ಸಾ? ಕರೀ ಕಟ್ಟಾಕಿ?" ಎಂದು, ಯಾಕೋ ಹೆದರಿದವಳ ಹಾಗೆ ಬೇಗ ಬೇಗ ಹೋದಳು.

ಅವಳು ಹೋದ ಮೇಲೆ ಆ ಗೋಡೆಯ ಮುಂದೆ ನಿಂತು ನನಗೆ ಮೇಷ್ಟರ ಮೇಜು ನೆನಪಾಯಿತು. ಬಾಗಿಲಿಗೆ ಅಂಟಿಸಿದ ಸಂತ, ಕೈಮುಗಿಯುವ ಬಡವರು. ನಾನು ಮೇಷ್ಟರ ಬಾಯಲ್ಲಿ ಕೇಳಿದ ಆ ಮೊದಲ ಕಾಲ ಹನೂರಿನಲ್ಲಿ ಮುಗಿದೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ. ಅವತ್ತು ವಿಭೂತಿಯನ್ನು ಉಗುರಿನಲ್ಲಿ ಕೆರೆದೆ, ಕಾಗದವೂ ಕಿತ್ತು ಬಂತು. ದೇವರನ್ನು ಯಾರೂ ಹುಡುಕುವುದಿಲ್ಲ, ಸತ್ತವನನ್ನೂ ಹುಡುಕುವುದಿಲ್ಲ. ಇಷ್ಟು ದಿನ ನನ್ನ ತಮ್ಮನನ್ನು ದಾರಿಯಲ್ಲಿ ಹೋಗುವವರು ನೋಡಿದ್ದರು, ನಮಸ್ಕಾರ ಮಾಡಿದ್ದರು, ಮುಂದಕ್ಕೆ ಹೋಗಿದ್ದರು.

ನಾನು ಮನೆಗೆ ಬರುವ ಹೊತ್ತಿಗೆ ಧನಗೆರೆಯಿಂದ ಚಿಕ್ಕವ್ವ ಬಂದಿದ್ದಳು. ಅವ್ವನ ತಂಗಿ ಅವಳು. ಕಾಮಗೆರೆಯ ಆಸ್ಪತ್ರೆಗೆ ಹೋದವಳು ಗೋಡೆ ನೋಡಿ, ಔಷಧಿಯನ್ನೂ ತೆಗೆದುಕೊಳ್ಳದೆ, ತಲೆಗೂದಲು ಬಿಚ್ಚಿಕೊಂಡು ಬೀದಿಯ ತುದಿಯಿಂದಲೇ ಅಳುತ್ತ ಬಂದಳಂತೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳಂತೆ. ಚಿಕ್ಕವ್ವ ಸುದ್ದಿ ತಂದಳು ಎಂದು ಅವ್ವ ತಿಳಿದಳು, ಮನೆಯಲ್ಲಿ ಸುದ್ದಿ ಇದೆ ಎಂದು ಚಿಕ್ಕವ್ವ ತಿಳಿದಿದ್ದಳು. ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಕ್ಕಪಕ್ಕದವರು ಬಂದು ಕೂತು ಅತ್ತರು. ಯಾರೋ ನೀರು ಕಾಯಿಸಲು ಹಂಡೆಗೆ ಬೆಂಕಿ ಹಾಕಿದರು. "ಎಲ್ಲಿ ಸಿಕ್ಕಿದ್ನವ್ವ?" ಎಂದು ಒಬ್ಬಳು ಕೇಳಿದಾಗಲೇ ಯಾರಿಗೂ ಗೊತ್ತಿಲ್ಲ ಎಂದು ಗೊತ್ತಾದದ್ದು.

ನಾನು ಒಳಗೆ ಕಾಲಿಟ್ಟಾಗ ಅವರೆಲ್ಲ ಅಳು ನಿಲ್ಲಿಸಿ, ಅತ್ತದ್ದನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದರು.

ಅಪ್ಪ ಮೂಲೆಯಲ್ಲಿದ್ದ. ಎಲ್ಲರೂ ಹೋದ ಮೇಲೆ ಹೇಳಿದ: "ಅತ್ತದ್ದಾಯ್ತು. ಮನೇಲಿ ಒಂದ್ ಸಲ ಅತ್ ಮ್ಯಾಲೆ ಮುಗುದೋಯ್ತು. ಮಾಲಯ ಅಮಾಸೆ ಬತ್ತಾ ಅದೆ. ಅಷ್ಟ್ರೊಳ್ಗೆ ಬಂದ್ರೆ ಸರಿ. ಇಲ್ದಿದ್ರೆ ಇರೀಕ್ರ ಜೊತ್ಗೆ ಅವುನ್ಗೂ ಒಂದ್ ಎಡೆ ಮಡುಗುಮ. ಅಸ್ಕೊಂಡು ತಿರುಗ್ಬಾರ್ದು."

ಮಹಾಲಯ ಅಮಾವಾಸ್ಯೆಯ ದಿನ ಮನೆಯ ಸತ್ತವರಿಗೆಲ್ಲ ಬಾಳೆ ಎಲೆಯಲ್ಲಿ ಅಡುಗೆ ಬಡಿಸಿ ಇಡುತ್ತೇವೆ. ಒಂದು ಸಲ ಆ ಸಾಲಿಗೆ ಎಲೆ ಬಿದ್ದರೆ ಆ ಮನುಷ್ಯ ವಾಪಸು ಬರುವ ಹಾಗಿಲ್ಲ. ಬಂದರೂ ಅವನಿಗೆ ಅದೇ ಮನೆಯಲ್ಲಿ ಊಟಕ್ಕೆ ಕೂರಲು ಜಾಗವಿಲ್ಲ.

ಅವ್ವ ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಸತ್ತೋನಂಗ್ ಮಾಡ್ದಲ್ಲೋ ನನ್ ಮಗುನ. ಬದ್ಕಿರೋನಂಗೆ ಮಾಡು."

ಬದುಕಿರುವವನ ಹಾಗೆ ಮಾಡುವುದು ಎಂದರೇನು? ಮದ್ರಾಸಿನಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಚ್ಚನ ಹಾಗೆ ಕೂತೆ. ಕೊನೆಗೆ ಹೊಳೆದದ್ದು ಇಷ್ಟು: ಗೋಡೆಯ ಮೇಲಿನ ಸತ್ತವರು ಹಲ್ಲು ಬಿಡುವುದಿಲ್ಲ. ದೇವರೂ ಬಿಡುವುದಿಲ್ಲ. ನಗುವ ಮುಖಕ್ಕೆ ಯಾರೂ ವಿಭೂತಿ ಇಡುವುದಿಲ್ಲ. ನಗಿಸಬೇಕು.

ಹೊಸ ಹಲಗೆ ತೆಗೆದುಕೊಂಡರೆ ಅವ್ವ "ಅವ್ನೇ" ಎಂದ ಮುಖ ಮತ್ತೆ ಬರುತ್ತದೆಂಬ ಧೈರ್ಯವಿರಲಿಲ್ಲ. ಅದೇ ಹಲಗೆಯಲ್ಲಿ, ಮುಚ್ಚಿದ ತುಟಿಯ ಕಪ್ಪಿನೊಳಗೆ ಹಲ್ಲುಗಳನ್ನು ಬಿಳುಪಾಗಿ ತೆರೆಯಬೇಕು. ತೆಗೆಯಬಹುದು, ಹಾಕಲಾಗುವುದಿಲ್ಲ. ಒಂದು ಹಲ್ಲು ಸೊಟ್ಟ ಇದ್ದಂತೆ ನೆನಪು, ಯಾವುದು?

"ಎಡಗಡೇದು" ಎಂದಳು ತಂಗಿ.

"ಸೊಟ್ಟ ಎಲ್ಲಿತ್ತೇ? ಮುತ್ತು ಜೋಡ್ಸಿದಂಗಿದ್ವು" ಎಂದಳು ಅವ್ವ.

"ನಗ್ವಾಗ ಬಾಯ್ಗೆ ಕೈ ಅಡ್ಡ ಮಡಿಕತ್ತಿದ್ದ" ಎಂದ ಅಪ್ಪ. ಅದು ನಿಜವಿದ್ದರೂ ಇರಬಹುದು. ಹಾಗಿದ್ದರೆ ನಾವು ಯಾರೂ ಅವನ ಹಲ್ಲು ಸರಿಯಾಗಿ ಕಂಡಿರಲೇ ಇಲ್ಲ.

ನಾನು ಕೆತ್ತಿದೆ. ಒಂದು ಕಡೆ ತೆರೆದರೆ ಬಾಯಿ ವಕ್ರವಾಯಿತು. ಸರಿ ಮಾಡಲು ಇನ್ನೊಂದು ಕಡೆ ತೆರೆದೆ. ಕೆನ್ನೆ ಮೇಲೇರಬೇಕು, ಅದಕ್ಕೆ ಗೆರೆ. ಕಣ್ಣು ಕಿರಿದಾಗಬೇಕು, ಆದರೆ ಕಣ್ಣಿನ ಬಿಳಿಯನ್ನು ಮೊದಲೇ ಕೆತ್ತಿ ತೆಗೆದಿದ್ದೆ, ಅದನ್ನು ತುಂಬುವುದು ಹೇಗೆ? ಹೀಗಾಗಿ ಕಣ್ಣು ಹಳೆಯದರ ಹಾಗೆ ನೇರಕ್ಕೆ ನೋಡುತ್ತ ಉಳಿಯಿತು, ಕೆಳಗೆ ಬಾಯಿ ಕಿವಿಯವರೆಗೆ ನಕ್ಕಿತು. ತೊಡೆಯ ಮೇಲೆ ಬಿಳಿ ಚೂರುಗಳು ಉದುರುತ್ತಲೇ ಇದ್ದವು.

ಈ ಸಲ ಕಪ್ಪು ಪಟ್ಟಿ ಬೇಡ ಎಂದೆ. ಯಜಮಾನರು ಅಚ್ಚನ್ನು ನೋಡಿ ಪಟ್ಟಿಯಿಲ್ಲದೆಯೇ ಒತ್ತಿಕೊಟ್ಟರು. ಹನೂರಿನ ಕಡೆಗೆ ಹೋಗಲು ಮನಸ್ಸು ಬರಲಿಲ್ಲ. ಅಲ್ಲಿ ಅವನು ಆಗಲೇ ಸತ್ತಿದ್ದ. ಸಂತೆಯ ದಿನ ನೋಡಿ ಯಳಂದೂರಿಗೆ ಹೋದೆ. ಮೈಸೂರು ಸರ್ಕಾರದ ಗೋಡೆಗಳಿಗೆ ನನ್ನ ತಮ್ಮ ಹೊಸಬ. ಒಂದು ಅಂಟಿಸಿ ಇನ್ನೊಂದಕ್ಕೆ ಅಂಟು ಸವರುತ್ತಿದ್ದಾಗಲೇ ಹಿಂದೆ ಗುಂಪು ಸೇರಿತು.

"ಏನ್ ನಾಟ್ಕ ಸಾ?"

"ನೋಡ್ಲಾ ಬಾಯ! ಆಸ್ಯದೋನು ಇರ್ಬೇಕು."

"ನಾಟಕ ಅಲ್ರಯ್ಯ, ನನ್ನ ತಮ್ಮ..."

"ನಿನ್ ತಮ್ಮುನೇ ಪಾರ್ಟಾ? ಬುಡು ಅಂಗಾರೆ, ಚೆಂದಾಗಿರ್ತದೆ. ಟಿಕೀಟ್ ಎಷ್ಟು?"

ಒಬ್ಬ ಮುದುಕ ಗೋಡೆಯ ಹತ್ತಿರ ಬಂದು ತಮ್ಮನ ಬಾಯಿ ನೋಡಿ, ತನ್ನ ಬೊಚ್ಚು ಬಾಯಿ ಬಿಟ್ಟು ಅದರ ಹಾಗೆಯೇ ನಕ್ಕು ತೋರಿಸಿದ. ಎಲ್ಲರೂ ಹೋ ಎಂದರು. ನಾನು ಅವರ ನಡುವೆ ಅಂಟಿನ ಡಬ್ಬಿ ಹಿಡಿದು ನಿಂತಿದ್ದೆ. ಮೊದಲು ಸಂತ, ಆಮೇಲೆ ಇಸ್ಪೀಟು. ಕೈಮುಗಿಯುವುದಕ್ಕೆ ಒಂದು, ಆಟಕ್ಕೆ ಒಂದು. ಒಬ್ಬ ಮನುಷ್ಯನನ್ನು ಹುಡುಕಿಕೊಡಿ ಎಂದು ಕೇಳುವುದಕ್ಕೆ ಮರದಲ್ಲಿ ದಾರಿಯೇ ಇರಲಿಲ್ಲವೋ, ನನ್ನ ಕೈಗೆ ಸಿಗಲಿಲ್ಲವೋ.

ಆದರೂ ಸುದ್ದಿ ಬಂತು. ಅಮಾವಾಸ್ಯೆ ಹತ್ತಿರ ಬಂದಾಗ ಯಳಂದೂರಿನ ಬಸ್ಸಿನ ಕಂಡಕ್ಟರು ಮನೆಯ ಮುಂದೆ ನಿಂತು ಕೂಗಿದ: "ನಿಮ್ ನೋಟೀಸ್ನೋನು ಅಲ್ಲಿ ರೇಷ್ಮೆ ಬಿಚ್ಚೋ ಕಡೆ ಅವ್ನಂತೆ ಕಣವ್ವೋ. ಅದೇ ಬಾಯಂತೆ, ಅಚ್ಚೊತ್ತಿದಂಗೆ!"

ಅವ್ವ ಉಟ್ಟ ಸೀರೆಯಲ್ಲೇ ಹೊರಟಳು, ಜೊತೆಗೆ ನಾನು. ದಾರಿಯಲ್ಲಿ ಅವಳು ಕಿಟಕಿಯ ಕಂಬಿ ಬಿಡಲಿಲ್ಲ. ಯಳಂದೂರಿನಾಚೆ ಗೂಡು ಬೇಯಿಸಿ ನೂಲು ಬಿಚ್ಚುವ ಒಂದು ಚಪ್ಪರ. ಹಬೆ, ಬೆಂದ ಹುಳುವಿನ ವಾಸನೆ. ಹಬೆಯೊಳಗಿಂದ ಒಬ್ಬನನ್ನು ಅವನ ಜೊತೆಯವರು ನಗುತ್ತ ಮುಂದಕ್ಕೆ ತಳ್ಳಿದರು. "ಬಂದ್ರು ನೋಡ್ಲಾ ನಾಟ್ಕುದೋರು, ಕರ್ಕೊಂಡೋಗಾಕೆ!"

ಅವನು ಮುಜುಗರದಿಂದ ನಕ್ಕ. ಆ ಬಾಯಿ. ನಾನು ಕೆತ್ತಿದ ಬಾಯಿ, ಅಷ್ಟೇ ಅಗಲ. ಅವ್ವ "ಮಗಾ" ಎಂದು ಓಡಿದಳು.

ಹೋಗಿ ಗದ್ದ ಹಿಡಿದಳು. ಹಿಡಿದ ಮೇಲೆ ಕೈ ಬಿಡಲಿಲ್ಲ, ಆದರೆ ಬೆನ್ನು ಕುಸಿದದ್ದು ನನಗೆ ಹಿಂದಿನಿಂದ ಕಂಡಿತು.

"ನಾನ್ ಇಲ್ಲೀಂಗ ಅಮ್ಮಾ" ಎಂದ ಅವನು. ಅವನು ತಾನಲ್ಲ ಎಂದದ್ದು. ತಮಿಳಿನವನು, ಸತ್ಯಮಂಗಲದ ಕಡೆಯವನು. ಆಮೇಲೆ ಅರೆಬರೆ ಕನ್ನಡದಲ್ಲಿ, "ನಾ ಬ್ಯಾರೆ ಅಮ್ಮಾ. ಇವ್ರು ಸುಮ್ನೆ ದಿನಾ ಗೇಲಿ ಮಾಡ್ತಾರೆ. ಆ ಕಾಗ್ದ ತಗ್ಸಿಬುಡಿ ಅಮ್ಮಾ, ನಿಮ್ಗೆ ಪುಣ್ಯ ಬರ್ತದೆ."

"ಗೊತ್ತು ಕಣಪ್ಪ" ಎಂದಳು ಅವ್ವ. "ಒಂದ್ ಸಲ ಬಾಯ್ ಮುಚ್ಚು."

ಅವನು ಮುಚ್ಚಿದ. ಅವಳು ನೋಡಿದಳು. ಸೆರಗಿನಲ್ಲಿ ಅವನ ಹಣೆಯ ಬೆವರು ಒರೆಸಿ ತಿರುಗಿದಳು.

ಯಳಂದೂರಿನ ಗೋಡೆಗಳಿಂದ ಸಿಕ್ಕಷ್ಟನ್ನು ಕಿತ್ತು ನಾವು ಬಸ್ಸು ಹತ್ತಿದೆವು. ದಾರಿ ಅರ್ಧ ಕಳೆದ ಮೇಲೆ ಅವ್ವ ಕೇಳಿದಳು: "ಅವ್ನು ನಗ್ತಿದ್ದದ್ದು ಎಂಗ್ಲಾ?"

"ನೆನಪಿಲ್ಲ ಕಣವ್ವ" ಎಂದೆ.

"ನಂಗೂ ಇಲ್ಲ" ಎಂದಳು. "ಕಣ್ ಮುಚ್ಚುದ್ರೆ ನಿನ್ ಕಾಗ್ದುದ್ ಮೊಕವೇ ಬತ್ತದೆ. ಆ ಹುಡ್ಗುನ್ ಮೊಕ ಬತ್ತದೆ. ಅವುಂದು ಬರಲ್ಲ ಕಣ್ಲಾ. ನೋಟೀಸು ಒಡ್ಸೋ ಗಂಟ ಬತ್ತಿತ್ತು. ಅದ ತೆಗುದ್ಬುಡು. ಮರ್ದಲ್ಲಿ ಇರೋದು ಬ್ಯಾಡ."

ಬಡಗಿಯ ಹತ್ತಿರ ಕೀಸುಳಿ ಕೇಳಿ ತಂದು ಹಲಗೆಯ ಮೇಲೆ ಆಡಿಸಿದೆ. ಹಣೆ ಸುರುಳಿಯಾಗಿ ಎದ್ದು ಬಂತು. ಮೂಗು, ಕೆನ್ನೆ. ಉಳಿದ ನೋಟೀಸುಗಳನ್ನು ಅವ್ವ ನೀರೊಲೆಗೆ ಹಾಕಿದಳು. ನನ್ನ ಟ್ರಂಕಿನಲ್ಲಿ ಎರಡರದೂ ಒಂದೊಂದು ಪ್ರತಿ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಬೀದಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಅಮಾವಾಸ್ಯೆಗೆ ನಮ್ಮವರು ನೇಯುವುದಿಲ್ಲ. ಅವ್ವ ಬೆಳಗಿನಿಂದ ಅಡುಗೆ ಮಾಡಿದಳು. ಅಪ್ಪ ನಡುಮನೆ ಸಾರಿಸಿ ಎಲೆ ಹಾಸಿದ. ತನ್ನ ಅಪ್ಪನಿಗೆ, ಅವ್ವನಿಗೆ, ನಾವು ಕಾಣದ ಒಬ್ಬ ಸಣ್ಣ ಮಗುವಿಗೆ. ಕೊನೆಯಲ್ಲಿ ಇನ್ನೊಂದು.

"ಅವುನ್ ಮೊಕ ಐತಲ್ಲ, ಅದ ತಕ್ಕಂಬಾ. ಮುಂದ್ಕೆ ಮಡುಗುಮ" ಎಂದ ನನಗೆ.

"ಇಲ್ಲಪ್ಪ. ಹೆರೆದುಬಿಟ್ಟೆ."

ಅವನು ನನ್ನನ್ನು ಬೈಯಲಿಲ್ಲ. ಮಗ್ಗದ ಹತ್ತಿರ ಹೋಗಿ ತಮ್ಮನ ಟವೆಲು ತಂದು ಮಡಿಸಿ, ಆ ಎಲೆಯ ಮುಂದೆ ಇಟ್ಟ. ಬಡಿಸಿದ್ದಾಯಿತು, ಧೂಪ ಹಾಕಿದ್ದಾಯಿತು. ಆಮೇಲೆ ಪದ್ಧತಿಯಂತೆ ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ನಿಂತೆವು. ಸತ್ತವರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಇರಬಾರದು, ಮಾತಾಡಬಾರದು.

ಒಳಗಿನಿಂದ ಮಗ್ಗ ಸದ್ದು ಮಾಡಿತು.

ಒಂದು ಸಲ ಲಾಳಿ ಓಡಿ ಬಡಿದ ಸದ್ದು, ಆಮೇಲೆ ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಡಿದ ಸದ್ದು. ನಿಂತಿತು. ಮತ್ತೆ. ಅದು ಅಪ್ಪನ ಮಗ್ಗದ ಸದ್ದಲ್ಲ. ಅವರವರ ಮಗ್ಗದ ಸದ್ದು ನೇಯುವ ಮನೆಯವರಿಗೆ ಗೊತ್ತಿರುತ್ತದೆ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ನನ್ನ ಎದೆಯೊಳಗೆ ಒಂದು ಕ್ಷಣ ಹಾರಿದ್ದನ್ನು ಹೇಳಿದರೆ ಯಾರೂ ನಂಬುವುದು ಬೇಡ: ಬಂದ ಎಂದುಕೊಂಡೆ. ಬದುಕಿ ಬಂದನೋ ಸತ್ತು ಬಂದನೋ ಕೇಳಲಿಲ್ಲ. ಬಂದ, ಅಷ್ಟೇ.

"ಅವ್ವ ಎಲ್ಲಿ?" ಎಂದಳು ತಂಗಿ.

ಅಪ್ಪ ಬಾಗಿಲು ತಳ್ಳಿದ. ಅವ್ವ ತಮ್ಮನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಹೊದಿಸಿದ್ದ ಸೀರೆ ಪಕ್ಕದಲ್ಲಿ ಬಿದ್ದಿತ್ತು. ಅವಳು ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು, ಮಗ್ಗಕ್ಕೆ ಇಳಿದವಳಲ್ಲ. ಹಗ್ಗ ಎಳೆದಾಗ ಲಾಳಿ ಅರ್ಧಕ್ಕೆ ನಿಲ್ಲುತ್ತಿತ್ತು, ಕೈಯಿಂದ ದೂಡುತ್ತಿದ್ದಳು.

"ಸೀರೆ ಮುಗುದಿಲ್ಲ" ಎಂದಳು, ನಮ್ಮನ್ನು ನೋಡದೆ. "ಅರ್ದುಕ್ಕೆ ಬುಟ್ಟೋಗವ್ನೆ. ಕೆಲ್ಸ ಮುಗಿಸ್ದೇ ಇರೋನ್ಗೆ ಯಾವ್ ಎಡೆ? ಎತ್ತಿ ಅದ."

ಬಾಗಿಲಲ್ಲಿ ಬೀದಿಯವರೆಲ್ಲ ನಿಂತಿದ್ದರು. ಅಮಾವಾಸ್ಯೆಯ ದಿನ ಮಗ್ಗ ಆಡಿದ್ದಕ್ಕೆ ಒಬ್ಬರೂ ಬಾಯಿ ಬಿಡಲಿಲ್ಲ. ಅಪ್ಪ ಎಲೆಗಳ ಸಾಲಿನ ಹತ್ತಿರ ಬಂದ. ಆಮೇಲೆ ಬಗ್ಗಿ ಕೊನೆಯ ಎಲೆಯನ್ನು ಮಡಿಸದೆ, ಬಡಿಸಿದ್ದರ ಸಮೇತ, ಎರಡೂ ಕೈಯಲ್ಲಿ ಎತ್ತಿ ಅಡುಗೆಮನೆಗೆ ತೆಗೆದುಕೊಂಡು ಹೋದ. ಟವೆಲನ್ನು ಅವ್ವ ಭುಜಕ್ಕೆ ಹಾಕಿಕೊಂಡಳು.

ತಂಗಿ ಈಗ ಬೇರೆ ಹೇಳುತ್ತಾಳೆ. ಅವ್ವ ನೇಯಲಿಲ್ಲವಂತೆ, ಅಳುತ್ತ ಗುಂಡಿಯಲ್ಲಿ ಕೂತು ಹಗ್ಗ ಹಿಡಿದುಕೊಂಡಿದ್ದಳಂತೆ, ಅದು ಎಳೆದು ಸದ್ದಾಯಿತಂತೆ. ಎಲೆ ಎತ್ತಿದ್ದು ಅಪ್ಪನಲ್ಲ, ನಾನಂತೆ. ಇರಬಹುದು. ಅದರ ಮುಂದಿನ ವರ್ಷದ ಮಹಾಲಯ ಅಮಾವಾಸ್ಯೆಗೂ ಅಪ್ಪ ನಡುಮನೆ ಸಾರಿಸಿದ, ಎಲೆಗಳನ್ನು ಎಣಿಸಿ ಕೊನೆಯದನ್ನು ಕೈಯಲ್ಲಿ ಹಿಡಿದು ಅವ್ವನ ಕಡೆ ನೋಡಿದ. ಅವ್ವ ಮಗ್ಗದ ಕಡೆ ನೋಡಿದಳು. ಸೀರೆ ಅಷ್ಟೇ ಇತ್ತು. ಅದನ್ನು ಮುಗಿಸಲು ಅವಳು ಬಿಡಲಿಲ್ಲ, ಕೊಯ್ಯಲೂ ಬಿಡಲಿಲ್ಲ. ತಮ್ಮ ಬರಲಿಲ್ಲ.

ಮೂರನೆಯ ಅಚ್ಚನ್ನು ನಾನು ತೆಗೆದದ್ದು ಅವ್ವ ಮಗ್ಗಕ್ಕೆ ಇಳಿದ ಆ ಮೊದಲ ಅಮಾವಾಸ್ಯೆಯ ಮಾರನೆಯ ದಿನ, ಹೆರೆದ ಹಲಗೆಗೆ ಮಸಿ ಹಚ್ಚಿ, ಯಾಕೆಂದು ಗೊತ್ತಿಲ್ಲದೆ. ಕಾಗದ ಪೂರ್ತಿ ಕಪ್ಪು. ಹಾಲೆ ಮರದ ನಾರು ಕಂಡೂ ಕಾಣದ ಹಾಗೆ ಓಡುತ್ತದೆ. ಬಾಯಿ ಇದ್ದ ಕಡೆ ಮಾತ್ರ ನಾನು ಉಳಿಯನ್ನು ತೀರ ಆಳಕ್ಕೆ ಇಳಿಸಿದ್ದೆ, ಕೀಸುಳಿ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅಲ್ಲಿ ಕೆಲವು ಬಿಳಿ ಚೂರುಗಳು ಉಳಿದಿವೆ. ಅವು ತಮ್ಮನ ಹಲ್ಲಲ್ಲ, ಯಳಂದೂರಿನ ಆ ಹುಡುಗನದೂ ಅಲ್ಲ. ಅವ್ವ ತೀರುವವರೆಗೂ ಆ ಕಾಗದವನ್ನು ನಾನು ಅವಳಿಗೆ ತೋರಿಸಲಿಲ್ಲ.